ತುಮಕೂರಿನ ಐಟಿ ಸರ್ವಿಸ್ ಕಂಪನಿ ಜೊತೆ ತಿಂಗಳ ಕಾಂಟ್ರ್ಯಾಕ್ಟ್: ಹೇಗಿದೆ, ಯಾರಿಗೆ ಸರಿಹೋಗುತ್ತದೆ

ಎಸ್.ಎಸ್. ಪುರಂನಲ್ಲಿರುವ ಒಂದು ಸಣ್ಣ ಐಟಿ ಸರ್ವಿಸ್ ಕಂಪನಿಗೆ ನಮ್ಮ ಫ್ಯಾಕ್ಟರಿಯ ಕಂಪ್ಯೂಟರ್ ಕೆಲಸ ಪೂರ್ತಿ ವಹಿಸಿದ್ದೇವೆ. ಒಳ್ಳೆಯದು, ಕೆಟ್ಟದ್ದು ಎರಡೂ ಬರೆಯುತ್ತಿರುವುದರಿಂದ ಹೆಸರು ಹಾಕಿಲ್ಲ. ಐದಕ್ಕೆ ನಾಲ್ಕು ಕೊಡುತ್ತೇನೆ. ಇಂಥವರಿಗೆ ಕೆಲಸ ಒಪ್ಪಿಸಬೇಕು ಅಂತಿರುವ ಸಣ್ಣ ಫ್ಯಾಕ್ಟರಿ, ಮಂಡಿ, ಆಸ್ಪತ್ರೆ, ಶಾಲೆಯವರಿಗೆ ಒಂದೇ ಮಾತು ಹೇಳುವುದಿದ್ದರೆ ಇದು: ದುಡ್ಡು ಯಾವ ಲೆಕ್ಕದಲ್ಲಿ ಕೊಡುತ್ತೀರಿ ಅನ್ನುವುದನ್ನು ಮೊದಲು ತೀರ್ಮಾನ ಮಾಡಿ. ಹುಡುಗರು ಎಷ್ಟು ಚುರುಕು, ಆಫೀಸ್ ಎಷ್ಟು ಚೆನ್ನಾಗಿದೆ ಅನ್ನುವುದೆಲ್ಲ ಆಮೇಲೆ.

ನಮ್ಮದು ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ತೆಂಗಿನಕಾಯಿ ಪುಡಿ ಮಾಡುವ ಫ್ಯಾಕ್ಟರಿ. ಗುಬ್ಬಿ, ತುರುವೇಕೆರೆ, ತಿಪಟೂರು ಕಡೆಯಿಂದ ಕಾಯಿ ಬರುತ್ತದೆ, ಪುಡಿ ಚೀಲಕ್ಕೆ ತುಂಬಿ ಇಂದೋರ್, ದೆಹಲಿ ಕಡೆ ಹೋಗುತ್ತದೆ. ಲೆಕ್ಕಪತ್ರ ನನ್ನ ಜವಾಬ್ದಾರಿ. ಇಪ್ಪತ್ತು ಚಿಲ್ಲರೆ ಕಂಪ್ಯೂಟರ್, ಒಂದು ಸರ್ವರ್, ವೇ ಬ್ರಿಡ್ಜ್‌ಗೆ (ಲಾರಿ ತೂಗುವ ಕಾಟಾ) ಜೋಡಿಸಿದ ಒಂದು ಮಷೀನ್, ಲೆಕ್ಕಕ್ಕೆ ಟ್ಯಾಲಿ ಸಾಫ್ಟ್‌ವೇರ್, ಕಾಯಿ ಖರೀದಿಗೆ ಅಂತಲೇ ಬರೆಸಿದ ಒಂದು ಸಾಫ್ಟ್‌ವೇರ್. ಇಷ್ಟಕ್ಕೆ ಒಬ್ಬರನ್ನು ಸಂಬಳಕ್ಕೆ ಇಟ್ಟುಕೊಂಡರೆ ದಿನಪೂರ್ತಿ ಕೆಲಸ ಇರುವುದಿಲ್ಲ, ಅವರು ರಜೆ ಹಾಕಿದ ದಿನ ನೋಡುವವರೂ ಇರುವುದಿಲ್ಲ. ಹಾಗಾಗಿ ಹೊರಗಿನವರಿಗೆ ಕೊಡುವುದು ಸರಿ.

ಇವರಿಗಿಂತ ಮೊದಲು ಬೆಂಗಳೂರಿನ ಒಂದು ಕಂಪನಿ ನಮ್ಮ ಕೆಲಸ ನೋಡುತ್ತಿತ್ತು. ಅವರದು ಫಿಕ್ಸೆಡ್ ಪ್ರೈಸ್ ಲೆಕ್ಕ, ಸಾಫ್ಟ್‌ವೇರ್ ಮಾಡಿಕೊಡುವುದಕ್ಕೆ ಒಟ್ಟು ಇಷ್ಟು ಅಂತ ಒಂದೇ ಮೊತ್ತ. ಕೇಳಿದರೆ ನಿರಾಳ ಅನ್ನಿಸುತ್ತದೆ. ಕೊಟೇಶನ್ ಕೊಟ್ಟವರಲ್ಲಿ ಅವರದೇ ಕಡಿಮೆ ಇತ್ತು. ಆದರೆ ಈ ಲೆಕ್ಕದಲ್ಲಿ ಕಡಿಮೆಗೆ ಕೆಲಸ ಹಿಡಿದವರು ಲಾಭ ನೋಡುವುದು ಆಮೇಲೆ ಬರುವ ಬದಲಾವಣೆಗಳಲ್ಲಿ. ಕರಾರಿನಲ್ಲಿ ಬರೆದಿರುವುದನ್ನು ಬಿಟ್ಟು ಏನು ಕೇಳಿದರೂ ಅದು ಚೇಂಜ್ ರಿಕ್ವೆಸ್ಟ್, ಅದಕ್ಕೆ ಬೇರೆ ಬಿಲ್. 2023ರ ಆಗಸ್ಟ್ 1ರಿಂದ 5 ಕೋಟಿ ರೂಪಾಯಿಗಿಂತ ಜಾಸ್ತಿ ವಹಿವಾಟು ಇರುವವರಿಗೂ ಇ-ಇನ್‌ವಾಯ್ಸ್ (ಬಿಲ್ ಅನ್ನು ಸರ್ಕಾರದ ಪೋರ್ಟಲ್‌ನಲ್ಲಿ ದಾಖಲಿಸಿ ಕ್ಯೂಆರ್ ಕೋಡ್ ಪಡೆಯುವುದು) ಕಡ್ಡಾಯ ಆಯಿತಲ್ಲ, ನಾವೂ ಅದರೊಳಗೆ ಬಂದೆವು. ಕಾನೂನು ಬದಲಾದರೆ ಬಿಲ್ಲಿಂಗ್ ಸಾಫ್ಟ್‌ವೇರ್ ಬದಲಾಗಲೇಬೇಕು, ಅಲ್ವಾ? ಅದಕ್ಕೂ ಚೇಂಜ್ ರಿಕ್ವೆಸ್ಟ್ ಅಂದರು. ಬಿಲ್ ಮೇಲೆ ಕ್ಯೂಆರ್ ಕೋಡ್ ಬರುವಂತೆ ಮಾಡುವುದಕ್ಕೆ ಒಂದು ಮೊತ್ತ, ಕ್ರೆಡಿಟ್ ನೋಟ್‌ಗೆ (ಬಿಲ್ ಮೊತ್ತ ಕಡಿಮೆ ಮಾಡುವಾಗ ಕೊಡುವ ಚೀಟಿ) ಅದನ್ನೇ ಮಾಡುವುದಕ್ಕೆ ಇನ್ನೊಂದು ಮೊತ್ತ. ಅವರು ಮೋಸ ಮಾಡಿದರು ಅಂತ ನಾನು ಹೇಳುತ್ತಿಲ್ಲ, ಕರಾರು ಅವರಿಗೆ ಹಾಗೆ ಮಾಡುವುದಕ್ಕೆ ದಾರಿ ಬಿಟ್ಟಿತ್ತು. ನಮ್ಮ ತೊಂದರೆ ಜಾಸ್ತಿ ಆದಷ್ಟೂ ಅವರ ಆದಾಯ ಜಾಸ್ತಿ. ಅಂಥ ಲೆಕ್ಕದಲ್ಲಿ ಎಷ್ಟು ಒಳ್ಳೆಯವರನ್ನು ಕೂರಿಸಿದರೂ ಜಗಳ ತಪ್ಪುವುದಿಲ್ಲ.

ಗಂಟೆ ಲೆಕ್ಕ ಇನ್ನೊಂದು. ಟೈಮ್ ಅಂಡ್ ಮೆಟೀರಿಯಲ್ ಅನ್ನುತ್ತಾರೆ. ನಮ್ಮ ದೇಶದ ದೊಡ್ಡ ಐಟಿ ಕಂಪನಿಗಳು ವರ್ಷಗಟ್ಟಲೆ ಬೆಳೆದದ್ದು ಹೆಚ್ಚಾಗಿ ಇದರ ಮೇಲೆಯೇ: ಎಷ್ಟು ಜನ, ಎಷ್ಟು ಗಂಟೆ, ಗಂಟೆಗೆ ಎಷ್ಟು ಡಾಲರ್. ಮೇಲೆ ಕೆಲವೇ ಅನುಭವಸ್ಥರು, ಕೆಳಗೆ ಹೊಸಬರ ದೊಡ್ಡ ದಂಡು. ಗ್ರಾಹಕರಿಗೆ ಹಾಕುವ ರೇಟಿಗೂ ಹೊಸಬರ ಸಂಬಳಕ್ಕೂ ನಡುವೆ ಇರುವ ಅಂತರದಲ್ಲೇ ಲಾಭ. ಏನು ಬೇಕು ಅಂತ ಮೊದಲೇ ಪೂರ್ತಿ ಗೊತ್ತಿಲ್ಲದ ಕೆಲಸಕ್ಕೆ ಇದು ಒಳ್ಳೆಯದೇ. ಆದರೆ ಆ ಗಂಟೆಗಳಲ್ಲಿ ನಿಜವಾಗಿ ಏನು ನಡೆಯಿತು ಅಂತ ನೋಡಿ ಹೇಳುವವರು ನಮ್ಮ ಕಡೆ ಒಬ್ಬರು ಇರಬೇಕು. ನಮ್ಮಂಥ ಫ್ಯಾಕ್ಟರಿಯಲ್ಲಿ ಅಂಥವರು ಎಲ್ಲಿರುತ್ತಾರೆ?

ಈಗಿನವರದು ಮ್ಯಾನೇಜ್ಡ್ ಸರ್ವಿಸ್. ತಿಂಗಳಿಗೆ 18,000 ರೂಪಾಯಿ, ಮೇಲೆ 18% ಜಿಎಸ್‌ಟಿ. ಆ ಜಿಎಸ್‌ಟಿಯನ್ನು ನಾವು ಕಟ್ಟುವ ತೆರಿಗೆಯಲ್ಲಿ ಇನ್‌ಪುಟ್ ಅಂತ ಕಳೆದುಕೊಳ್ಳಬಹುದು, ಅದು ಬಿಡಿ. ಎಷ್ಟು ಸಲ ಕರೆದರೂ ಅಷ್ಟೇ. ಸರ್ಕಾರದ ನಿಯಮ ಬದಲಾಗಿ ಬರುವ ಕೆಲಸವೂ ಅದರೊಳಗೇ ಅಂತ ಬರೆಸಿಕೊಂಡಿದ್ದೇವೆ. ಹೊಸ ಸಾಫ್ಟ್‌ವೇರ್ ಮಾತ್ರ ಬೇರೆ.

ಇದರಿಂದ ಏನು ಬದಲಾಗುತ್ತದೆ ಅಂತ ಗೊತ್ತಾಗಿದ್ದು ಒಂದು ಶನಿವಾರ ಸಂಜೆ. ಇಂದೋರ್‌ಗೆ ಹೋಗುವ ಲಾರಿ ಲೋಡ್ ಆಗಿ, ಟಾರ್ಪಾಲ್ ಕಟ್ಟಿ ಗೇಟ್ ಹತ್ತಿರ ನಿಂತಿತ್ತು. ಇ-ಇನ್‌ವಾಯ್ಸ್ ಪೋರ್ಟಲ್ ಬಿಲ್ ತೆಗೆದುಕೊಳ್ಳುತ್ತಿಲ್ಲ. ಇನ್‌ವಾಯ್ಸ್ ಆಗದೆ ಇ-ವೇ ಬಿಲ್ (ಸರಕು ಸಾಗಿಸಲು ಬೇಕಾದ ಆನ್‌ಲೈನ್ ದಾಖಲೆ) ಇಲ್ಲ, ಇ-ವೇ ಬಿಲ್ ಇಲ್ಲದೆ ಲಾರಿ ಗೇಟ್ ದಾಟುವ ಹಾಗಿಲ್ಲ. "ಮೇಡಂ, ಇನ್ನೂ ಎಷ್ಟೊತ್ತು?" ಅಂತ ಡ್ರೈವರ್ ಆಗಲೇ ಆಫೀಸ್ ಬಾಗಿಲಿಗೆ ಬಂದು ನಿಂತಿದ್ದರು. ಫೋನ್ ಮಾಡಿದೆ. ಅರ್ಧ ಗಂಟೆಯೊಳಗೆ ಹುಡುಗ ಸ್ಕೂಟರ್‌ನಲ್ಲಿ ಬಂದ. ಪೋರ್ಟಲ್ ಕೊಟ್ಟ ಎರರ್ ಓದಿದ, ಪಾರ್ಟಿ (ಸರಕು ಕೊಳ್ಳುವವರ) ವಿಳಾಸ ತೆರೆದ, "ಅಕ್ಕ, ಪಿನ್‌ಕೋಡ್ ನೋಡಿ" ಅಂದ. ಇಂದೋರ್‌ನದು 452001. ಹೊಸದಾಗಿ ಸೇರಿಸಿದ ಪಾರ್ಟಿಗೆ ಟೈಪ್ ಆಗಿದ್ದು 425001. ಅದು ಮಹಾರಾಷ್ಟ್ರದ ಜಳಗಾಂವ್. ರಾಜ್ಯ ಮಧ್ಯಪ್ರದೇಶ, ಪಿನ್‌ಕೋಡ್ ಮಹಾರಾಷ್ಟ್ರದ್ದು, ಹಾಗಾಗಿ ಪೋರ್ಟಲ್ ವಾಪಸ್ ಕಳಿಸುತ್ತಿತ್ತು. ಎರಡು ಅಂಕಿ ಅದಲುಬದಲು ಮಾಡಿದ, ಬಿಲ್ ಆಯಿತು, ಲಾರಿ ಹೊರಟಿತು.

ನನಗೆ ಇಷ್ಟ ಆಗಿದ್ದು ಆಮೇಲೆ ಮಾಡಿದ ಕೆಲಸ. ಸೋಮವಾರ ಬಂದು, ಹೊಸ ಪಾರ್ಟಿ ಸೇರಿಸುವಾಗಲೇ ಪಿನ್‌ಕೋಡ್ ಆ ರಾಜ್ಯದ್ದು ಹೌದೋ ಅಲ್ಲವೋ ಅಂತ ಸಾಫ್ಟ್‌ವೇರೇ ನೋಡಿ ಎಚ್ಚರಿಸುವಂತೆ ಮಾಡಿದ. ಹಳೆಯ ಪಾರ್ಟಿಗಳ ಪಟ್ಟಿ ತೆಗೆದು, ಅದರಲ್ಲಿದ್ದ ಇನ್ನೂ ಕೆಲವು ತಪ್ಪುಗಳನ್ನು ನನಗೆ ಪ್ರಿಂಟ್ ಕೊಟ್ಟ. ಯಾರೂ ಕೇಳಿರಲಿಲ್ಲ. ಹುಡುಗ ಒಳ್ಳೆಯವನು, ನಿಜ. ಆದರೆ ಇದರ ಹಿಂದೆ ಒಂದು ಲೆಕ್ಕವೂ ಇದೆ. ನಾವು ಮತ್ತೆ ಕರೆದರೆ ಅವರಿಗೆ ಪೆಟ್ರೋಲ್ ಖರ್ಚು, ಸಮಯ ಹಾಳು, ಬರುವ ದುಡ್ಡು ಅಷ್ಟೇ. ನಾವು ಕರೆಯದೇ ಇದ್ದರೆ ಅವರಿಗೆ ಲಾಭ. ಒಂದು ಸಲ ಬಂದರೆ ಇಷ್ಟು ಅಂತ ಕಾಲ್ ಲೆಕ್ಕದಲ್ಲಿ ಬರುವವರಾಗಿದ್ದರೆ ಸುಮ್ನೆ ಎರಡು ಅಂಕಿ ತಿದ್ದಿ ಹೋಗುತ್ತಿದ್ದರು, ಮುಂದಿನ ತಿಂಗಳು ಮತ್ತೆ ಬರುತ್ತಿದ್ದರು.

ಎಸ್‌ಎಲ್‌ಎ, ಅಂದರೆ ಸೇವೆ ಯಾವ ಮಟ್ಟದಲ್ಲಿರುತ್ತದೆ ಅಂತ ಬರೆದುಕೊಡುವ ಮಾತು, ಆ ವಿಷಯಕ್ಕೆ ಬರೋಣ. ಸರ್ವರ್ 99.5% ಹೊತ್ತು ನಡೆಯುತ್ತಿರುತ್ತದೆ ಅಂತ ಬರೆದುಕೊಟ್ಟಿದ್ದಾರೆ. ಕೇಳುವುದಕ್ಕೆ ನೂರಕ್ಕೆ ನೂರು ಅನ್ನುವ ಹಾಗಿದೆ. 30 ದಿನದ ತಿಂಗಳಲ್ಲಿ 720 ಗಂಟೆ. ಅದರಲ್ಲಿ ಅರ್ಧ ಪರ್ಸೆಂಟ್ ಅಂದರೆ 3 ಗಂಟೆ 36 ನಿಮಿಷ. ಅಷ್ಟು ಹೊತ್ತು ನಿಂತರೂ ಅವರು ಮಾತಿಗೆ ತಪ್ಪಿದ ಹಾಗಲ್ಲ. ಅದು ರಾತ್ರಿ ಆದರೆ ಚಿಂತೆಯಿಲ್ಲ, ಮಾರ್ಚ್ 31ರ ಮಧ್ಯಾಹ್ನ ಆದರೆ? ಅದಕ್ಕೇ ಬೆಳಗ್ಗೆ ಎಂಟರಿಂದ ರಾತ್ರಿ ಎಂಟರವರೆಗಿನ ಲೆಕ್ಕವನ್ನು ಬೇರೆಯಾಗಿ ಬರೆಯಿರಿ ಅಂತ ಹಟ ಹಿಡಿದೆ, ಒಪ್ಪಿದರು. ದಂಡ ಅಂತ ಇರುವುದು ತಿಂಗಳ ಬಿಲ್‌ನ 5%, ಅಂದರೆ 900 ರೂಪಾಯಿ. ಲಾರಿ ಒಂದು ದಿನ ನಿಂತರೆ ಕೊಡುವ ಹಾಲ್ಟಿಂಗ್ ಚಾರ್ಜ್ ಮುಂದೆ ಇದು ಏನೂ ಅಲ್ಲ. ದಂಡಕ್ಕಾಗಿ ಚೌಕಾಸಿ ಮಾಡಿ ಪ್ರಯೋಜನ ಇಲ್ಲ, ಸತತ ಮೂರು ತಿಂಗಳು ಮಾತು ತಪ್ಪಿದರೆ ನೋಟಿಸ್ ಅವಧಿ ಇಲ್ಲದೆ ಬಿಟ್ಟು ಹೋಗುವ ಹಕ್ಕು ಕೇಳಿ. ನಮ್ಮ ಕರಾರಿನಲ್ಲಿ ನನಗೆ ಧೈರ್ಯ ಕೊಡುವ ಸಾಲು ಅದೇ.

ಬಿಟ್ಟು ಹೋಗುವ ಮಾತು ಬಂತಲ್ಲ. ಬೆಂಗಳೂರಿನವರಿಂದ ಬಿಡಿಸಿಕೊಳ್ಳುವಾಗ ಪಟ್ಟ ಪಾಡು ಯಾರಿಗೂ ಬೇಡ. ನಮ್ಮ ವೆಬ್‌ಸೈಟ್ ಡೊಮೇನ್ (ವೆಬ್ ವಿಳಾಸ) ಅವರ ಹೆಸರಿನಲ್ಲಿ. ಇಮೇಲ್ ಅಡ್ಮಿನ್ ಪಾಸ್‌ವರ್ಡ್ ಅವರ ಹತ್ತಿರ. ಸಾಫ್ಟ್‌ವೇರ್‌ನ ಸೋರ್ಸ್ ಕೋಡ್ (ಪ್ರೋಗ್ರಾಂನ ಮೂಲ ಬರಹ) ಕೇಳಿದರೆ "ಅದು ನಮ್ಮದು" ಅಂದರು. ಕಾನೂನು ನೋಡಿದರೆ ಅವರ ಮಾತಿಗೂ ಆಧಾರ ಇದೆ. 1957ರ ಕಾಪಿರೈಟ್ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಕೂಡ ಸಾಹಿತ್ಯ ಕೃತಿಯ ಲೆಕ್ಕಕ್ಕೆ ಬರುತ್ತದೆ. ನಮ್ಮ ಸಂಬಳದ ನೌಕರ ಕೆಲಸದ ಭಾಗವಾಗಿ ಬರೆದರೆ ಹಕ್ಕು ಸಾಮಾನ್ಯವಾಗಿ ನಮ್ಮದು. ಹೊರಗಿನ ಕಂಪನಿ ಬರೆದರೆ, ದುಡ್ಡು ನಾವೇ ಕೊಟ್ಟಿದ್ದರೂ, ಲಿಖಿತವಾಗಿ ಬರೆದುಕೊಡದ ಹೊರತು ಹಕ್ಕು ಅವರ ಹತ್ತಿರವೇ ಉಳಿಯುತ್ತದೆ. ಬರೆದುಕೊಡುವಾಗಲೂ ಎಷ್ಟು ವರ್ಷಕ್ಕೆ ಅಂತ ಹಾಕದಿದ್ದರೆ ಐದೇ ವರ್ಷ ಅಂತ ಕಾಯ್ದೆ ಹೇಳುತ್ತದೆ. ಇದು ಎಷ್ಟು ಜನ ಮಾಲೀಕರಿಗೆ ಗೊತ್ತು? ದಯವಿಟ್ಟು ಸಹಿ ಹಾಕುವ ಮೊದಲು ಒಬ್ಬ ವಕೀಲರಿಗೆ ಈ ಒಂದು ಷರತ್ತನ್ನಾದರೂ ತೋರಿಸಿ.

ಈಗಿನವರು ಇದರಲ್ಲಿ ನೇರವಾಗಿದ್ದಾರೆ. ಕಾಯಿ ಖರೀದಿ ಭಾಗ ಪೂರ್ತಿ ನಮ್ಮ ಫ್ಯಾಕ್ಟರಿಯದು ಅಂತ ಅವಧಿ ಸಮೇತ ಬರೆದುಕೊಟ್ಟರು. ಬಿಲ್ಲಿಂಗ್ ಭಾಗ ಅವರು ಬೇರೆ ಗ್ರಾಹಕರಿಗೂ ಕೊಡುವಂಥದ್ದು, ಅದರ ಹಕ್ಕು ಕೊಡಲ್ಲ, ಬಳಸಿಕೊಳ್ಳಿ ಅಂದರು. ಅದು ನ್ಯಾಯವೇ. ಡೊಮೇನ್, ಟ್ಯಾಲಿ ಲೈಸೆನ್ಸ್, ಆಂಟಿವೈರಸ್ ಎಲ್ಲ ನಮ್ಮ ಕಂಪನಿ ಹೆಸರಿನಲ್ಲಿ, ನಮ್ಮ ಇಮೇಲ್‌ನಲ್ಲಿ. ಅಡ್ಮಿನ್ ಪಾಸ್‌ವರ್ಡ್‌ಗಳನ್ನು ಒಂದು ಕವರ್‌ಗೆ ಹಾಕಿ, ಅಂಟಿಸಿ, ಅಂಟಿನ ಮೇಲೆ ಇಬ್ಬರೂ ಸಹಿ ಮಾಡಿ ಮಾಲೀಕರ ಬೀರುವಿನಲ್ಲಿ ಇಟ್ಟಿದ್ದೇವೆ. ಪಾಸ್‌ವರ್ಡ್ ಬದಲಾದಾಗಲೆಲ್ಲ ಹೊಸ ಕವರ್. ಜೊತೆಗೆ ಒಂದು ಬಾಕ್ಸ್ ಫೈಲ್, ಅದರಲ್ಲಿ ಯಾವ ಕೇಬಲ್ ಎಲ್ಲಿಗೆ ಹೋಗುತ್ತದೆ, ಬ್ಯಾಕಪ್ ಎಲ್ಲೆಲ್ಲಿದೆ, ವಾಪಸ್ ತರುವುದು ಹೇಗೆ ಅಂತ ಕನ್ನಡದಲ್ಲೇ ಬರೆದಿಟ್ಟಿದ್ದಾರೆ. ನಾಳೆ ಇವರನ್ನು ಬಿಟ್ಟರೂ ಮುಂದಿನವರು ಆ ಫೈಲ್ ಓದಿ ಕೆಲಸ ಶುರು ಮಾಡಬಹುದು. ಬಿಟ್ಟು ಹೋಗುವುದನ್ನು ಸುಲಭ ಮಾಡಿಟ್ಟಿರುವುದರಿಂದಲೇ ಇವರನ್ನು ಬಿಡಬೇಕು ಅನ್ನಿಸಿಲ್ಲ.

ಇನ್ನು ಒಂದು ಅಂಕ ಕಡಿಮೆ ಮಾಡಿದ್ದಕ್ಕೆ ಕಾರಣ. ಹುಡುಗರು ನಿಲ್ಲುವುದಿಲ್ಲ. ಇಲ್ಲಿನ ಕಾಲೇಜುಗಳಲ್ಲೇ ಓದಿದವರು, ದಿನಾ ಬೆಂಗಳೂರಿಗೆ ರೈಲು ಹತ್ತುವುದು ಬೇಡ ಅಂತ ಇಲ್ಲಿ ಸೇರುತ್ತಾರೆ, ಕೆಲಸ ಕಲಿತ ಮೇಲೆ ಅದೇ ರೈಲು ಹತ್ತುತ್ತಾರೆ. ಅವರನ್ನು ತಪ್ಪು ಅನ್ನುವ ಹಾಗಿಲ್ಲ. ಆದರೆ ನಮ್ಮ ವೇ ಬ್ರಿಡ್ಜ್ ತೂಕ ಸಾಫ್ಟ್‌ವೇರ್‌ಗೆ ಹೇಗೆ ಬರುತ್ತದೆ ಅಂತ ಗೊತ್ತಿದ್ದ ಹುಡುಗ ಹೋದ ಮೇಲೆ, ಹೊಸಬನಿಗೆ ಕಾಯಿ ಲೆಕ್ಕ, ತೂಕದ ಲೆಕ್ಕ, ಸಿಪ್ಪೆ ಕಳೆಯುವುದು ಎಲ್ಲವನ್ನೂ ನಾನೇ ಮೊದಲಿಂದ ಹೇಳಬೇಕಾಯಿತು. ತಿಂಗಳ ದುಡ್ಡು ಪೂರ್ತಿ ಕೊಟ್ಟು ಅವರ ಹುಡುಗನಿಗೆ ನಾವು ಪಾಠ ಮಾಡುವುದು ಯಾವ ನ್ಯಾಯ?

ಇನ್ನೊಂದು ಇದಕ್ಕಿಂತ ದೊಡ್ಡದು. ಸರ್ವರ್ ಕೆಲಸದ ಒಂದು ಭಾಗವನ್ನು ಬೆಂಗಳೂರಿನ ಬೇರೆಯವರಿಂದ ಮಾಡಿಸುತ್ತಿದ್ದರು. ನಮಗೆ ಹೇಳಿರಲಿಲ್ಲ. ಲಾಗಿನ್ ಪಟ್ಟಿಯಲ್ಲಿ ಗೊತ್ತಿಲ್ಲದ ಹೆಸರು ನೋಡಿ ಕೇಳಿದಾಗ ಒಪ್ಪಿಕೊಂಡರು. ಸಬ್-ಕಾಂಟ್ರ್ಯಾಕ್ಟ್ ಕೊಡುವುದು ಈ ವ್ಯಾಪಾರದಲ್ಲಿ ಮಾಮೂಲಿ, ದೊಡ್ಡವರೂ ಮಾಡುತ್ತಾರೆ. ಆದರೆ ನಮ್ಮ ರೈತರ ಬ್ಯಾಂಕ್ ಖಾತೆ ನಂಬರ್ ಇರುವ ಸರ್ವರ್ ಒಳಗೆ ಯಾರು ಬರುತ್ತಾರೆ ಅನ್ನುವುದು ನಮಗೆ ಮೊದಲೇ ಗೊತ್ತಿರಬೇಕು. ಇದರಲ್ಲಿ ರಿಯಾಯಿತಿ ಇಲ್ಲ.

ಕಂಪ್ಯೂಟರ್, ಪ್ರಿಂಟರ್ ಕೊಡಿಸುವಾಗ ಅವರು ಇಟ್ಟುಕೊಳ್ಳುವ ಮಾರ್ಜಿನ್ ವಿಷಯದಲ್ಲಿ ಮಾತ್ರ ಮೆಚ್ಚುಗೆ ಇದೆ. ಐಟಿ ಸರ್ವಿಸ್‌ನವರು ಯಾವ ಬ್ರ್ಯಾಂಡ್ ತಗೊಳ್ಳಿ ಅನ್ನುತ್ತಾರೋ ಅದರಲ್ಲಿ ಅವರಿಗೆ ಎಷ್ಟೋ ಸಲ ಕಮಿಷನ್ ಇರುತ್ತದೆ. ಇವರು ಖರೀದಿ ಬಿಲ್ ತೋರಿಸಿ ಮೇಲೆ ಎಷ್ಟು ಹಾಕಿಕೊಂಡಿದ್ದೇವೆ ಅಂತ ಹೇಳುತ್ತಾರೆ. ಹಳೆಯ ಪ್ರಿಂಟರ್ ಇನ್ನೂ ನಡೆಯುತ್ತದೆ, ಹೊಸದು ಬೇಡ ಅಂದದ್ದೂ ಉಂಟು.

ನಮ್ಮ ಕಡೆಯಿಂದಲೂ ಒಂದು ಮಾತು. ಇಂಥ ಸಣ್ಣ ಕಂಪನಿಗಳಿಗೆ ಬಿಲ್ ತಡ ಮಾಡಬೇಡಿ. ಉದ್ಯಮ್ ನೋಂದಣಿ ಇರುವ ಸಣ್ಣ ಉದ್ಯಮಕ್ಕೆ ಕರಾರು ಇದ್ದರೆ ಹೆಚ್ಚೆಂದರೆ 45 ದಿನದೊಳಗೆ, ಕರಾರು ಇಲ್ಲದಿದ್ದರೆ 15 ದಿನದೊಳಗೆ ದುಡ್ಡು ಕೊಡಬೇಕು ಅಂತ 2006ರ ಎಂಎಸ್‌ಎಂಇ ಕಾಯ್ದೆಯಲ್ಲೇ ಇದೆ. ಕಾಯ್ದೆ ಬಿಡಿ, ಅವರ ಹುಡುಗರ ಸಂಬಳ ನಿಂತಿರುವುದು ನಾವು ಕೊಡುವ ಆ ಚೆಕ್ ಮೇಲೆ. ದುಡ್ಡು ಎರಡು ತಿಂಗಳು ನಿಲ್ಲಿಸಿ, ಫೋನ್ ಮಾತ್ರ ಎರಡನೇ ರಿಂಗಿಗೆ ಎತ್ತಬೇಕು ಅಂದರೆ ಹೇಗೆ? ನಾವು ಪ್ರತಿ ತಿಂಗಳು 10ರೊಳಗೆ ಕೊಡುತ್ತೇವೆ. ಆ ಶನಿವಾರ ಸಂಜೆ ಹುಡುಗ ಬಂದದ್ದರಲ್ಲಿ ಇದರ ಪಾಲೂ ಇದೆ ಅಂತ ನನ್ನ ನಂಬಿಕೆ.

ಈ ವರ್ಷ ಅವರು ಹೊಸ ಲೆಕ್ಕ ಮುಂದಿಟ್ಟರು: ತಿಂಗಳಿಗೆ ಇಷ್ಟು ಅನ್ನುವ ಬದಲು, ಆಗುವ ಪ್ರತಿ ಬಿಲ್‌ಗೆ ಇಷ್ಟು. ನಮ್ಮ ವ್ಯಾಪಾರ ಬೆಳೆದರೆ ಅವರೂ ಬೆಳೆಯುತ್ತಾರೆ. 2004ರಲ್ಲಿ ಭಾರ್ತಿ ಏರ್‌ಟೆಲ್ ತನ್ನ ಐಟಿ ಕೆಲಸವನ್ನು ಹತ್ತು ವರ್ಷಕ್ಕೆ ಐಬಿಎಂಗೆ ಒಪ್ಪಿಸಿದಾಗ ಇಂಥದ್ದೇ ದಾರಿ ಹಿಡಿದಿತ್ತು, ಕೊಡುವ ದುಡ್ಡನ್ನು ತನ್ನ ಆದಾಯಕ್ಕೆ ಕಟ್ಟಿತ್ತು. ಗ್ರಾಹಕರು ವರ್ಷ ವರ್ಷಕ್ಕೆ ಏರುತ್ತಿದ್ದ ಮೊಬೈಲ್ ಕಂಪನಿಗೆ ಅದು ಹೊಂದಿತು. ನಮಗೆ ಕಾಯಿ ಸೀಸನ್‌ನಲ್ಲಿ ಬಿಲ್ ಜಾಸ್ತಿ, ಉಳಿದ ತಿಂಗಳು ಕಡಿಮೆ. ಆ ಕಡಿಮೆ ತಿಂಗಳಿಗೆ ಅವರು ಮಿನಿಮಮ್ ಗ್ಯಾರಂಟಿ ಕೇಳಿದರು. ಅಂದರೆ ಏರಿದರೆ ಏರುತ್ತದೆ, ಇಳಿದರೆ ಇಳಿಯುವುದಿಲ್ಲ. ಅದು ಬೇಡ, ತಿಂಗಳ ಲೆಕ್ಕವೇ ಇರಲಿ ಅಂದೆ.

ಏಪ್ರಿಲ್‌ಗೆ ಕರಾರು ರಿನ್ಯೂ ಆಗಬೇಕು. ಮೂರು ಷರತ್ತು ಸೇರಿಸಿ ಅಂತ ಬರೆದು ಕೊಟ್ಟಿದ್ದೇನೆ. ಸಬ್-ಕಾಂಟ್ರ್ಯಾಕ್ಟ್ ಕೊಡುವ ಮೊದಲು ನಮ್ಮ ಲಿಖಿತ ಒಪ್ಪಿಗೆ ಬೇಕು, ಅದಕ್ಕೆ ಒಪ್ಪಿದ್ದಾರೆ. ಹುಡುಗ ಬಿಟ್ಟು ಹೋಗುವುದಿದ್ದರೆ ಹೊಸಬ ಅವನ ಜೊತೆ ಎರಡು ವಾರ ನಮ್ಮಲ್ಲೇ ಕೆಲಸ ಮಾಡಬೇಕು, ಅದರ ಖರ್ಚು ಅವರದು, ಅದಕ್ಕೂ ಒಪ್ಪಿದ್ದಾರೆ. ವರ್ಷಕ್ಕೊಮ್ಮೆ ಬ್ಯಾಕಪ್‌ನಿಂದ ಸರ್ವರ್ ಪೂರ್ತಿ ವಾಪಸ್ ಎಬ್ಬಿಸಿ ನಮ್ಮ ಕಣ್ಣೆದುರೇ ತೋರಿಸಬೇಕು ಅನ್ನುವುದು ಮೂರನೆಯದು. ಅದಕ್ಕೆ ಬೇರೆ ದುಡ್ಡು ಆಗುತ್ತದೆ ಅನ್ನುತ್ತಿದ್ದಾರೆ, ಮಾತು ಇನ್ನೂ ನಡೆಯುತ್ತಿದೆ.