ಕಲಬುರಗಿಯ ಅಂಗಡಿಗೆ ಒಂದು ಸ್ಟಾರ್, ಬೀದರಿನ ಮನೆಗೆ ನಾಲ್ಕು

ನಾನು ಬ್ಲೌಸ್ ಹೊಲಿಯುವವಳು. ಬಟ್ಟೆ ಕೊಳ್ಳುವಾಗ ಮೊದಲು ಒಳಮೈ ತಿರುವಿ ಹೊಲಿಗೆ ನೋಡುತ್ತೇನೆ, ಆಮೇಲೆ ರೇಟು ಕೇಳುತ್ತೇನೆ. ಇಪ್ಪತ್ತು ವರ್ಷದ ರೂಢಿ ಇದು. ಆದರೆ ಹೋದ ವರ್ಷ ಫೆಬ್ರವರಿಯಲ್ಲಿ ಮಗಳ ಹುಟ್ಟುಹಬ್ಬಕ್ಕೆ ಲ್ಯಾಬ್ರಡಾರ್ ನಾಯಿಮರಿ ತರಲು ಹೋದಾಗ ಏನನ್ನೂ ತಿರುವಿ ನೋಡಲಿಲ್ಲ. ಅದಕ್ಕೇ ಈ ರಿವ್ಯೂ ಬರೆಯುತ್ತಿದ್ದೇನೆ.

ಮೊದಲು ಅಂಗಡಿಯ ಕಥೆ. ಹೆಸರು ಹಾಕುವುದಿಲ್ಲ, ಜಗಳ ಬೇಡ. ಮುಂದೆ ಗಾಜಿನ ಪೆಟ್ಟಿಗೆಯಲ್ಲಿ ಮೀನು, ಬಾಗಿಲಲ್ಲಿ ಲವ್ ಬರ್ಡ್ಸ್. ನಾಯಿಮರಿಗಳು ಒಳಗಿನ ಕತ್ತಲ ಕೋಣೆಯಲ್ಲಿ. ಒಂದು ತಂತಿ ಪಂಜರ, ನನ್ನ ಕಣ್ಣಳತೆಯಲ್ಲಿ ಎರಡೂವರೆ ಅಡಿ ಉದ್ದ, ಒಂದೂವರೆ ಅಡಿ ಅಗಲ. ಅದರಲ್ಲಿ ಐದು ಮರಿ. ಕೆಳಗೆ ಹಾಸಿದ ಪೇಪರ್ ಒದ್ದೆ. ಫಿನೈಲ್ ವಾಸನೆಗೆ ಕಣ್ಣು ಉರಿಯುತ್ತಿತ್ತು. ಎಷ್ಟು ಕ್ಲೀನ್ ಇಟ್ಟಿದ್ದಾರೆ ಅಂದುಕೊಂಡೆ. ನನ್ನ ಬುದ್ಧಿಗಿಷ್ಟು!

ಅಂಗಡಿಯವನ ಬಾಯಿ ಮಾತ್ರ ಜೋರು. "ಹೆವಿ ಬೋನ್ ಅದ ಅಕ್ಕಾರೆ, ಪಂಚ್ ಫೇಸ್ ನೋಡ್ರಿ. ನಲ್ವತ್ತೈದು ದಿನದ ಮರಿ. ಕೆಸಿಐ ಪೇಪರ್ ಬೇಕಂದ್ರ ಹದಿನೆಂಟು ಸಾವಿರ, ಪೇಪರ್ ಬ್ಯಾಡಂದ್ರ ಹತ್ತು."

ಮಿರ್ಚಿ ಭಜಿ ಜೊತೆ ಉಳ್ಳಾಗಡ್ಡಿ ಬೇಕಾ ಬೇಡವಾ ಅಂತ ಕೇಳಿದ ಹಾಗಿತ್ತು. ಕೆಸಿಐ ಅಂದರೆ ಕೆನೆಲ್ ಕ್ಲಬ್ ಆಫ್ ಇಂಡಿಯಾ, ತಳಿ ನಾಯಿಗಳ ದಾಖಲೆ ಇಡುವ ಸಂಸ್ಥೆ. ಆಮೇಲೆ ಗೊತ್ತಾಯಿತು, ಅಲ್ಲಿ ನೋಂದಣಿ ಮಾಡಿಸುವುದು ಮರಿ ಹಾಕಿಸಿದವರು, ಅದೂ ಆ ಸೂಲಿನ ಮರಿಗಳಿಗೆಲ್ಲ ಸೇರಿಸಿ. ಗಿರಾಕಿಯ ಮುಖ ನೋಡಿ ಒಂದಕ್ಕೆ ಪೇಪರ್, ಇನ್ನೊಂದಕ್ಕೆ ಇಲ್ಲ ಅನ್ನೋದು ಹೇಗೆ? ನಾನು ಹತ್ತು ಸಾವಿರ ಎಣಿಸಿ ಕೊಟ್ಟೆ. ಬಿಲ್ ಕೇಳಲಿಲ್ಲ. ತಾಯಿ ಎಲ್ಲಿದೆ ಅಂತ ಮಗಳು ಕೇಳಿದಳು. "ಹೈದರಾಬಾದಿನಾಗ ಅದ ಬೇಬಿ" ಅಂದ. ಅಲ್ಲಿಗೆ ಮಾತು ಮುಗಿಯಿತು.

ಮರಿಗೆ ಗುಂಡ ಅಂತ ಹೆಸರಿಟ್ಟೆವು. ಮೂರನೇ ದಿನ ಊಟ ಬಿಟ್ಟ. ನಾಲ್ಕನೇ ದಿನ ವಾಂತಿ, ಸಂಜೆಗೆ ರಕ್ತ ಬೆರೆತ ಭೇದಿ. ಆ ವಾಸನೆ ಒಮ್ಮೆ ಮೂಗಿಗೆ ಬಡಿದರೆ ಮರೆಯುವುದಿಲ್ಲ. ಡಾಕ್ಟರ್ ಪುಟ್ಟ ಕಿಟ್‌ನಲ್ಲಿ ಟೆಸ್ಟ್ ಮಾಡಿದರು, ಎರಡು ಗೆರೆ ಬಂತು. ಪಾರ್ವೊ, ಮರಿಗಳ ಕರುಳಿಗೆ ಬಡಿಯುವ ವೈರಸ್ ರೋಗ. ಈ ವೈರಸ್ಸನ್ನೇ ಕೊಲ್ಲುವ ಔಷಧಿ ಇಲ್ಲ, ಡ್ರಿಪ್ ಹಾಕಿ ಜೀವ ಹಿಡಿದಿಡಬೇಕು ಅಷ್ಟೇ ಅಂದರು. ಆಮೇಲೆ ಬೆರಳಿನಿಂದ ಗುಂಡನ ತುಟಿ ಎತ್ತಿ ಹಲ್ಲು ನೋಡಿದರು. ಹಿಂದಿನ ಹಲ್ಲು ಇನ್ನೂ ಸರಿಯಾಗಿ ಮೂಡಿರಲಿಲ್ಲ. "ನಲ್ವತ್ತೈದು ದಿನ ಎಲ್ಲಿಂದ ಬಂತಮ್ಮಾ? ಐದು ವಾರ ಆಗಿದ್ರ ಜಾಸ್ತಿ."

ಲಸಿಕೆ ಕಾರ್ಡು ಕೊಟ್ಟೆ. ತಿರುವಿ ನೋಡಿ ವಾಪಸ್ ಕೊಟ್ಟರು. "ಇದರಾಗ ಸ್ಟಿಕ್ಕರ್ ಎಲ್ಲಿ ಅದ?" ಆಗ ತಮ್ಮ ಡ್ರಾಯರಿನಿಂದ ಬೇರೊಂದು ನಾಯಿಯ ಕಾರ್ಡು ತೆಗೆದು ತೋರಿಸಿದರು. ಲಸಿಕೆ ಬಾಟಲಿಯಿಂದ ಕಿತ್ತು ಅಂಟಿಸಿದ ಸಣ್ಣ ಚೀಟಿ. ಮೇಲೆ ಕಂಪನಿ ಹೆಸರು, ಬ್ಯಾಚ್ ನಂಬರ್, ಮುಗಿಯುವ ದಿನ. ಪಕ್ಕದಲ್ಲಿ ಡಾಕ್ಟರ್ ಸಹಿ, ಸೀಲು. ನನ್ನ ಕಾರ್ಡಿನಲ್ಲಿ ಬಾಲ್ ಪೆನ್ನಿನ ಎರಡು ಟಿಕ್ ಮಾರ್ಕ್, ಅಷ್ಟೇ. ಅಸ್ತರ್ ಇಲ್ಲದ ಬ್ಲೌಸನ್ನು ಅಸ್ತರ್ ರೇಟಿಗೆ ತಂದಿದ್ದೆ.

ಗುಂಡ ಏಳನೇ ದಿನ ಹೋದ.

ಅಂಗಡಿಗೆ ಹೋಗಿ ಕೇಳಿದರೆ, "ನೀವು ಮೊಸರನ್ನ ಹಾಕಿರ್ತೀರಿ, ಅದಕ್ಕೇ ಹಂಗಾಗ್ಯದ. ಇರ್ಲಿ, ಬದ್ಲಿ ಮರಿ ತಗೊಂಡ್ ಹೋಗ್ರಿ" ಅಂದ. ಕುಕ್ಕರ್ ಕೆಟ್ಟರೆ ಬೇರೆ ಕುಕ್ಕರ್ ಕೊಟ್ಟ ಹಾಗೆ! ಇದಕ್ಕೊಂದು ಸ್ಟಾರ್ ಯಾಕೆ ಅಂದರೆ ಸೊನ್ನೆ ಕೊಡೋಕೆ ಬರುವುದಿಲ್ಲ, ಅದಕ್ಕೆ.

ಬದಲಿ ಮರಿ ತರದೆ ಒಳ್ಳೆಯದಾಯಿತು. ಈ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದಂತೆ. ನಮ್ಮದು ಶಹಾಬಾದ್ ಪರ್ಸಿ ಹಾಸಿದ ಹಳೇ ಮನೆ, ಕಲ್ಲು ಕಲ್ಲಿನ ನಡುವೆ ಸಂದಿ. ಫಿನೈಲ್ ಇದಕ್ಕೆ ನಾಟುವುದಿಲ್ಲ ಅಂದರು ಡಾಕ್ಟರ್. ಮೊದಲು ಸೋಪಿನಿಂದ ತಿಕ್ಕಿ ತೊಳೆದು, ಆಮೇಲೆ ಒಂದು ಪಾಲು ಬ್ಲೀಚಿಗೆ ಮೂವತ್ತು ಪಾಲು ನೀರು ಬೆರೆಸಿ ಹಾಕಿ, ಹತ್ತು ನಿಮಿಷ ನೆಲ ಹಸಿಯಾಗಿಯೇ ಇರಬೇಕು. ಹಳೇ ಹಲ್ಲುಜ್ಜುವ ಬ್ರಷ್ ಹಿಡಿದು ಸಂದಿ ಸಂದಿ ತಿಕ್ಕಿದೆ. ಅಂಗಳದಲ್ಲಿ ಬೇವಿನ ಮರದ ಕೆಳಗೆ ಮಣ್ಣು. ಮಣ್ಣಿಗೆ ಬ್ಲೀಚ್ ಹಾಕಿ ಏನು ಪ್ರಯೋಜನ? ಅಲ್ಲೂ ಪರ್ಸಿ ಹಾಕಿಸಿದೆವು. ಡಾಕ್ಟರ್ ಬಿಸಾಕಿ ಅಂದಿದ್ದ ಸ್ಟೀಲ್ ಬಟ್ಟಲನ್ನು ಮಗಳು ನನ್ನ ಮಷಿನ್ ಹಿಂದೆ ಬಚ್ಚಿಟ್ಟಿದ್ದಳು. ಸಿಕ್ಕಾಗ ಬೈಯಲಿಲ್ಲ, ಅದನ್ನೂ ಬ್ಲೀಚಿನಲ್ಲಿ ನೆನೆಸಿ ತೊಳೆದೆ. ಎಂಟು ತಿಂಗಳು ಸುಮ್ಮನಿದ್ದೆವು. ಹೇಗೂ ನಮ್ಮೂರ ಏಪ್ರಿಲ್, ಮೇ ತಿಂಗಳು ಮರಿ ತರುವ ಕಾಲವೇ ಅಲ್ಲ.

ನಡುವೆ ಇನ್ನೊಂದು ಜಾಗ ನೋಡಿದೆವು, ಊರ ಹೊರಗಿನ ಲೇಔಟಿನಲ್ಲಿ. ಈ ಸಲ ಅತ್ತೆಯನ್ನೂ ಕರೆದುಕೊಂಡು ಹೋಗಿದ್ದೆ. "ನಾಯಿಗಿ ರೊಕ್ಕ ಕೊಡ್ತಾರೇನ?" ಅಂತ ದಾರಿಯುದ್ದಕ್ಕೂ ಗೊಣಗುತ್ತಲೇ ಬಂದರು. ತಾಯಿ ತೋರಿಸಿ ಅಂದ ಕೂಡಲೇ ಅಲ್ಲಿಯ ಹುಡುಗ ಮಿರಿಮಿರಿ ಮಿಂಚುವ ಒಂದು ಹೆಣ್ಣು ಲ್ಯಾಬ್ ಹಿಡಿದುಕೊಂಡು ಬಂದ. ನನಗೆ ಖುಷಿ. ಅತ್ತೆ ಬಗ್ಗಿ ಅದರ ಹೊಟ್ಟೆ ನೋಡಿದರು. ಮೊಲೆ ಇಳಿದಿಲ್ಲ, ಕೂದಲು ಉದುರಿಲ್ಲ, ಮರಿಗಳ ಕಡೆ ಅದು ತಿರುಗಿಯೂ ನೋಡುತ್ತಿಲ್ಲ.

"ಇದು ಬಾಣಂತಿ ಅಲ್ಲವ್ವಾ" ಅಂದರು. "ನಡಿ ಮನಿಗಿ."

ಐದು ಮಕ್ಕಳನ್ನು ಹೆತ್ತು, ನಾಲ್ಕು ಎಮ್ಮೆ ಕಟ್ಟಿ ಬಾಳಿದ ಹೆಂಗಸು. ನನಗೆ ಆ ಕಣ್ಣು ಎಲ್ಲಿಂದ ಬರಬೇಕು? ಅವತ್ತಿನಿಂದ ನಾಯಿ ವಿಷಯದಲ್ಲಿ ನಮ್ಮ ಮನೆಯಲ್ಲಿ ಅವರದೇ ತೀರ್ಮಾನ.

(ಆನ್‌ಲೈನ್ ಫೋಟೋ ನೋಡಿ ಅಡ್ವಾನ್ಸ್ ಹಾಕುವವರಿಗೆ ಒಂದು ಮಾತು. ನಮ್ಮ ಓಣಿಯ ಹುಡುಗನೊಬ್ಬ ಹಸ್ಕಿಗೆ ಅಂತ ಮೊದಲು ಮೂರು ಸಾವಿರ ಕಳಿಸಿದ, ಆಮೇಲೆ ಗಾಡಿ ಖರ್ಚು, ಆಮೇಲೆ ಇನ್ಶೂರೆನ್ಸ್. ಮರಿ ಇವತ್ತಿಗೂ ದಾರಿಯಲ್ಲೇ ಇದೆ. ಒಂದು ಲೆಕ್ಕಕ್ಕೆ ಬರದಿದ್ದದ್ದೇ ಪುಣ್ಯ. ಮಂಜು ಬೀಳುವ ಊರಿನ ನಾಯಿ ಕಲಬುರಗಿಯ 43 ಡಿಗ್ರಿ ಬಿಸಿಲಿನಲ್ಲಿ ಏನು ಮಾಡಬೇಕು ಪಾಪ.)

ಈಗ ಬೀದರಿನ ಮನೆ. ಅಲ್ಲಿಯ ಹಿರಿಯರು ಪಶು ಇಲಾಖೆಯಿಂದ ನಿವೃತ್ತರು. "ಹೆಸರು ಬರೀಬ್ಯಾಡ್ರಿ, ಫೋನ್ ನಿಲ್ಲಂಗಿಲ್ಲ" ಅಂದಿದ್ದಾರೆ. ಮರಿ ಹುಟ್ಟಿ ಮೂರು ವಾರ ಆದಾಗ ಹೋದೆವು. ನಾನು ಪ್ರಶ್ನೆ ಕೇಳುವ ಮೊದಲು ಅವರೇ ಶುರು ಮಾಡಿದರು. ಹಗಲಲ್ಲಿ ಮನೆಯಲ್ಲಿ ಯಾರಿರುತ್ತಾರೆ? ಸ್ವಂತ ಮನೆಯೋ ಬಾಡಿಗೆಯೋ? ಊರಿಗೆ ಹೋದರೆ ಯಾರು ನೋಡುತ್ತಾರೆ? ಹೆಣ್ಣು ಕೊಡುವವರೂ ಇಷ್ಟು ಕೇಳುವುದಿಲ್ಲ. ಗುಂಡನ ಕಥೆ ಹೇಳಿದಾಗ ನೆಲ ಹೇಗೆ ತೊಳೆದಿರಿ ಅಂತ ಒಂದೊಂದೇ ಕೇಳಿ ತಿಳಿದುಕೊಂಡರು.

ತಾಯಿ ನಡುಮನೆಯ ಮೂಲೆಯಲ್ಲಿ ಮಲಗಿತ್ತು. ಬಡಕಲು, ಬಾಲದ ಬುಡದಲ್ಲಿ ಕೂದಲು ತೆಳ್ಳಗೆ, ಮೊಲೆ ನೆಲಕ್ಕೆ ತಾಗುತ್ತಿತ್ತು. ನೋಡಲು ಚಂದ ಇರಲಿಲ್ಲ. ಅತ್ತೆಗೆ ಮಾತ್ರ ಮುಖ ಅರಳಿತು. "ಬಾಣಂತಿ ಹಿಂಗೇ ಇರ್ತಾಳ" ಅಂತ ಪಕ್ಕದಲ್ಲೇ ಕೂತುಬಿಟ್ಟರು. ಅದು ಬಂದು ಅವರ ಕೈ ಮೂಸಿ, ಮತ್ತೆ ಮರಿಗಳ ಹತ್ತಿರ ಹೋಗಿ ಮಲಗಿತು.

ಗೋಡೆಯ ಮೇಲೆ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯ ನೋಂದಣಿ ಪತ್ರ. 2017ರಿಂದ ನಾಯಿ ತಳಿ ಬೆಳೆಸಿ ಮಾರುವವರಿಗೆ ಇದು ಕಡ್ಡಾಯ. ಪೆಟ್ ಶಾಪ್‌ಗಳಿಗೂ 2018ರ ನಿಯಮ ಬೇರೆ ಇದೆ. ಎಂಟು ವಾರ ತುಂಬದ ಮರಿ ಮಾರುವಂತಿಲ್ಲ. ಅಂದರೆ 56 ದಿನ. ಎಲ್ಲರೂ ರಾಗವಾಗಿ ಹೇಳುವ "ನಲ್ವತ್ತೈದು ದಿನದ ಮರಿ" ಖರೇ ಆಗಿದ್ದರೂ ತಪ್ಪೇ ಅಂತಾಯಿತು! ಒಂದು ಹೆಣ್ಣು ನಾಯಿಗೆ ಜೀವಮಾನದಲ್ಲಿ ಐದಕ್ಕಿಂತ ಹೆಚ್ಚು ಸೂಲು ಮಾಡಿಸಬಾರದು ಅಂತಲೂ ಇದೆ. ಇವರ ನಾಯಿಗೆ ಇದು ಎರಡನೆಯದು, ಮೂರಕ್ಕೆ ನಿಲ್ಲಿಸುತ್ತೇನೆ ಅಂದರು. ಐದು ವಾರಕ್ಕೇ ಮರಿ ಕೇಳಿದ ಒಬ್ಬರನ್ನು ವಾಪಸ್ ಕಳಿಸಿದ್ದರಂತೆ. "ಒಡಹುಟ್ಟಿದವರ ಕೂಡ ಕಚ್ಚಾಡಿ ಕಲೀಬೇಕ್ರಿ, ಎಷ್ಟು ಕಚ್ಚಿದ್ರ ನೋಯ್ತದ ಅಂತ. ಇಲ್ಲಂದ್ರ ನಿಮ್ಮ ಕೈ ಮ್ಯಾಲೆ ಕಲೀತದ."

ಒಂಬತ್ತನೇ ವಾರ ತಮ್ಮನ ಕಾರಿನಲ್ಲಿ ಹೋಗಿ ತಂದೆವು. ಕಾರ್ಡಿನಲ್ಲಿ ಸ್ಟಿಕ್ಕರ್ ಇತ್ತು, ಉಗುರಿನಿಂದ ಕೆರೆದು ನೋಡಿದೆ. ಹಿರಿಯರು ನಕ್ಕರು. ಸ್ಕ್ಯಾನರ್ ಹಿಡಿದು ಮರಿಯ ಹೆಗಲ ನಡುವಿನ ಮೈಕ್ರೋಚಿಪ್ ನಂಬರ್ ಓದಿ, ಕಾಗದದಲ್ಲಿದ್ದ ನಂಬರಿನ ಜೊತೆ ತಾಳೆ ಮಾಡಿ ತೋರಿಸಿದರು. ಇಪ್ಪತ್ತೆರಡು ಸಾವಿರ, ಬಿಲ್ ಸಮೇತ. ಸಾಕಲು ಆಗದಿದ್ದರೆ ಬೇರೆಯವರಿಗೆ ಕೊಡದೆ ವಾಪಸ್ ತನ್ನಿ ಅಂತ ಬರೆಸಿ ಸಹಿ ಮಾಡಿಸಿಕೊಂಡರು. ಬರುವಾಗ ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣು ಕೊಳ್ಳಲು ನಿಂತೆವು. ಮಗಳು ಕಾರಿನಿಂದ ಇಳಿಯಲೇ ಇಲ್ಲ. ಮರಿ ಅವಳ ತೊಡೆ ಮೇಲೆ ನಿದ್ದೆ ಮಾಡುತ್ತಿತ್ತು.

ಐದನೇ ಸ್ಟಾರ್ ಯಾಕಿಲ್ಲ? ಲ್ಯಾಬ್‌ಗಳಿಗೆ ಸೊಂಟದ ಕೀಲಿನ ತೊಂದರೆ ಜಾಸ್ತಿ. ತಾಯಿಯ ಎಕ್ಸ್‌ರೇ ತೋರಿಸಿದರು, ತಂದೆಯದು ಇರಲಿಲ್ಲ, ಬರೀ ಫೋಟೋ. ಕೇಳಿದ್ದಕ್ಕೆ "ಅದು ನನ್ನ ತಪ್ಪೇ" ಅಂದರು, ಆದರೂ ಕಡಿಮೆ ಕಡಿಮೆಯೇ. ಊಟದ ಚಾರ್ಟು ಇಂಗ್ಲಿಷಿನಲ್ಲಿತ್ತು, ಅತ್ತೆಗೆ ಓದಲು ಬರುವುದಿಲ್ಲ. ಮಗಳು ಕನ್ನಡದಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದ್ದಾಳೆ. ಕೆಸಿಐ ಪೇಪರ್ ಬರಲು ಮೂರು ತಿಂಗಳು ಹಿಡಿಯಿತು.

ಇನ್ನೊಂದು ದೂರು ಅಂದರೆ ಆ ಹಿರಿಯರ ಭಾನುವಾರದ ಫೋನು. ಒಂದು ವಾರವೂ ತಪ್ಪಿಲ್ಲ. ತೂಕ ಎಷ್ಟು, ಮುಂದಿನ ಸೂಜಿ ಯಾವತ್ತು, ರೊಟ್ಟಿಗೆ ಹಾಲು ಕಲಸಿ ಹಾಕುತ್ತಿಲ್ಲ ತಾನೇ? ಮೊದಮೊದಲು ಕಿರಿಕಿರಿ ಆಗುತ್ತಿತ್ತು. ಈಗ ಆ ಫೋನು ನನಗಲ್ಲ. ಬೆಳಗ್ಗೆ ಹತ್ತಕ್ಕೆ ಅತ್ತೆ ಮೊಬೈಲ್ ಹಿಡಿದು ಕಟ್ಟೆ ಮೇಲೆ ಕೂತಿರುತ್ತಾರೆ. ಅವರು ಮರಿಯ ವಿಷಯ ಕೇಳುವ ಮೊದಲೇ ಇವರು ಕೇಳುತ್ತಾರೆ, "ಬಾಣಂತಿ ಹೆಂಗ ಅದಾಳ್ರೀ? ಕೂದಲ ಬಂದಾವೇನು?"