ಚುಕ್ಕಿಯನ್ನು ಶೋಗೆ ತಯಾರು ಮಾಡಿಕೊಟ್ಟ ಚಾಚಾ: ಮೂರೂವರೆ ತಿಂಗಳ ಅನುಭವ

ಕೊಡಗಿನಲ್ಲಿ ಕುದುರೆ ಸಾಕಿ, ಅದನ್ನು ಒಂದು ಸಲ ಶೋ ರಿಂಗಿಗೆ, ಅಂದರೆ ಕುದುರೆ ಪ್ರದರ್ಶನ ಸ್ಪರ್ಧೆಯ ಕಣಕ್ಕೆ, ಇಳಿಸಬೇಕು ಅಂತ ಆಸೆ ಇರುವವರಿಗೆ ಉಪಯೋಗಕ್ಕೆ ಬರಲಿ ಅಂತ ಇದನ್ನು ಬರೆಯುತ್ತಿದ್ದೇನೆ. ನಮ್ಮ ಮಾರ್ವಾರಿ ತಳಿಯ ಹೆಣ್ಣು ಕುದುರೆ ಚುಕ್ಕಿಯನ್ನು ಆಗಸ್ಟ್ ಕೊನೆಯಿಂದ ಡಿಸೆಂಬರ್ ಮಧ್ಯದ ತನಕ ತಯಾರು ಮಾಡಿದ್ದು ಗೋಣಿಕೊಪ್ಪ ಕಡೆಯ ಒಬ್ಬ ಹಿರಿಯ ಸೈಸ್, ಅಂದರೆ ಕುದುರೆ ನೋಡಿಕೊಳ್ಳುವವರು. ಮೈಸೂರು, ಬೆಂಗಳೂರಿನ ಲಾಯಗಳಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ಈಗ ಮಗಳ ಮನೆ ಹತ್ತಿರ ಬಂದು ನೆಲೆಸಿದ್ದಾರೆ. ಹೆಸರು, ನಂಬರ್ ಎಲ್ಲೂ ಹಾಕಬೇಡಿ ಅಂದಿದ್ದಾರೆ. ನಾವು ಕರೆಯುವುದು ಚಾಚಾ ಅಂತ, ಇಲ್ಲೂ ಹಾಗೇ ಬರೆಯುತ್ತೇನೆ. ಆ ಕಡೆ ಕುದುರೆ ಇಟ್ಟವರನ್ನು ಯಾರನ್ನು ಕೇಳಿದರೂ ಮನೆ ತೋರಿಸುತ್ತಾರೆ.

ಹೋದ ವರ್ಷ ಬೇರೆ ಊರಿನ ಒಂದು ಲಾಯದಲ್ಲಿ ಅವಳನ್ನು ತಿಂಗಳು ಬಿಟ್ಟಿದ್ದೆವು. ಅವರು ದಿನಾ ಶ್ಯಾಂಪೂ ಹಾಕಿ ತೊಳೆದು, ಮೇಲೆ ಹೊಳಪಿನ ಸ್ಪ್ರೇ ಹೊಡೆದು ನಮಗೆ ಫೋಟೋ ಕಳಿಸುತ್ತಿದ್ದರು. ಫೋಟೋದಲ್ಲಿ ಚೆನ್ನಾಗಿಯೇ ಕಾಣುತ್ತಿದ್ದಳು. ಮನೆಗೆ ಬಂದು ನಾಲ್ಕು ದಿನಕ್ಕೆ ಮೈಕೂದಲು ಒಣಹುಲ್ಲಿನ ಹಾಗೆ ಒರಟಾಯಿತು. ದಿನಾ ಶ್ಯಾಂಪೂ ಹಾಕಿದರೆ ಚರ್ಮದ ಎಣ್ಣೆಯೆಲ್ಲ ಹೋಗುತ್ತದೆ, ಇನ್ನು ಹೊಳಪು ಎಲ್ಲಿಂದ ಬರಬೇಕು?

ಚಾಚಾ ಬಂದ ಮೊದಲ ದಿನ ಮೈ ಕಡೆ ನೋಡಲೇ ಇಲ್ಲ. ಸೀದಾ ಮುಂದಿನ ಎಡಗಾಲು ಎತ್ತಿ, ಗೊರಸಿನ ತಳಕ್ಕೆ ಮೂಗು ಹತ್ತಿರ ಹಿಡಿದು, "ಅಮ್ಮಾ, ಇಲ್ಲಿ ಬನ್ನಿ, ವಾಸನೆ ನೋಡಿ" ಅಂದರು. ಕೊಳೆತ ವಾಸನೆ. ತಳದ ಮಧ್ಯೆ ಮೆತ್ತಗೆ ತ್ರಿಕೋನದ ಹಾಗೆ ಇರುತ್ತದಲ್ಲ, ಅದರ ಸಂದಿಯಲ್ಲಿ ಕಪ್ಪು ಕೆಸರಿನಂಥದ್ದು ತುಂಬಿತ್ತು. ಜೂನ್‌ನಿಂದ ಒದ್ದೆ ನೆಲದಲ್ಲಿ ನಿಂತರೆ ಆಗುವುದು ಇದೇ. ಕೊಕ್ಕೆಯನ್ನು ಹಿಮ್ಮಡಿ ಕಡೆಯಿಂದ ಗೊರಸಿನ ಮುಂತುದಿ ಕಡೆಗೆ ಎಳೆದು ಕೆರೆದರು, ಬಟ್ಟೆಯಲ್ಲಿ ಒತ್ತಿ ಒರೆಸಿದರು, ಆಮೇಲೆ ಡಾಕ್ಟರು ಕೊಟ್ಟ ಔಷಧಿ ಹಾಕಿದರು. ಬೆನ್ನಿನ ಮೇಲೆ ಅಲ್ಲಲ್ಲಿ ಕೂದಲು ಗುಚ್ಛವಾಗಿ ಅಂಟಿ ಹಕ್ಕಳೆ ಕಟ್ಟಿತ್ತು. ಅದು ಮಳೆಯಲ್ಲಿ ನೆನೆದು ನೆನೆದು ಬರುವ ಚರ್ಮದ ಸೋಂಕು. ಅವಳ ಬ್ರಷ್, ಹೊದಿಕೆ ಎಲ್ಲ ಬೇರೆ ಇಡಿಸಿ, ಒಣ ಜಾಗದಲ್ಲಿ ಕಟ್ಟಿಸಿದರು. ಹಕ್ಕಳೆ ಕೀಳೋಕೆ ಹೋದ ನನ್ನ ಕೈ ಹಿಡಿದು ನಿಲ್ಲಿಸಿದರು, ಅದಕ್ಕೆ ನೋವಾಗುತ್ತದೆ, ಮೆತ್ತಗಾಗಿ ತಾನೇ ಬಿಡಲಿ ಅಂತ. ಮೂರು ವಾರ ಇಷ್ಟೇ ಕೆಲಸ. ಹೊಳಪಿನ ಮಾತೇ ಇಲ್ಲ.

ಇನ್ನೊಂದು ವಿಷಯ. ತೋಟದವರು ದಯವಿಟ್ಟು ಗಮನಿಸಿ. ನಾವು ಲಾಯದ ನೆಲಕ್ಕೆ ಕಾಫಿ ಹೊಟ್ಟು ಹಾಸುತ್ತಿದ್ದೆವು, ಮನೆಯಲ್ಲೇ ರಾಶಿ ಬಿದ್ದಿರುತ್ತದೆ, ಖರ್ಚಿಲ್ಲ ಅಂತ. ಚಾಚಾ ಅದನ್ನು ಅವತ್ತೇ ಪೂರ್ತಿ ಹೊರಗೆ ಹಾಕಿಸಿದರು. ಕುದುರೆ ಹಾಸಿಗೆಯನ್ನೂ ಬಾಯಿಗೆ ಹಾಕುತ್ತದೆ. ಹೊಟ್ಟಿನಲ್ಲಿ ಕೆಫೀನ್ ಇರುತ್ತದೆ. ಸ್ಪರ್ಧೆಯ ಕುದುರೆಗಳಿಗೆ ಕೆಫೀನ್ ನಿಷೇಧ. ಸುಮ್ನೆ ಉಳಿತಾಯ ಮಾಡೋಕೆ ಹೋಗಿ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತಿದ್ದೆವು. ಈಗ ಸಾ ಮಿಲ್‌ನ ಮರದ ಹೊಟ್ಟು ಹಾಕುತ್ತಿದ್ದೇವೆ.

ಮೇವಿನ ಲೆಕ್ಕ ಹಾಕಿದ ರೀತಿ ನನಗೆ ತುಂಬಾ ಹಿಡಿಸಿತು. ಟೇಪಿನಲ್ಲಿ ಎದೆಯ ಸುತ್ತಳತೆ 172 ಸೆಂ.ಮೀ., ಭುಜದಿಂದ ಹಿಂಭಾಗದ ತನಕ ಉದ್ದ 158 ಸೆಂ.ಮೀ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 11,877ರಿಂದ ಭಾಗಿಸಿದರೆ ಸುಮಾರು 394 ಕೆ.ಜಿ. ಬರುತ್ತದೆ. ಅದರ ನೂರಕ್ಕೆ ಒಂದೂವರೆಯಿಂದ ಎರಡು ಪಾಲು ಒಣಹುಲ್ಲು, ಅಂದರೆ ದಿನಕ್ಕೆ 6ರಿಂದ 8 ಕೆ.ಜಿ. ಅದು ಮೊದಲು. ನೆನೆಸಿ ಬೇಯಿಸಿದ ಹುರುಳಿ, ಓಟ್ಸ್ ಎಲ್ಲ ಆಮೇಲೆ, ಅದೂ ಕೆಲಸ ಎಷ್ಟು ಮಾಡಿದ್ದಾಳೋ ಅಷ್ಟಕ್ಕೆ ತಕ್ಕ ಹಾಗೆ. ರಜೆಯ ದಿನ ಹುರುಳಿ ಕಮ್ಮಿ. ಅಗಸೆ ಎಣ್ಣೆಯನ್ನು ಒಂದು ಚಮಚದಿಂದ ಶುರು ಮಾಡಿ ನಿಧಾನಕ್ಕೆ ಏರಿಸಿದರು. ಪಕ್ಕೆಲುಬು ಕಣ್ಣಿಗೆ ಕಾಣಬಾರದು, ಕೈಯಿಟ್ಟರೆ ಬೆರಳಿಗೆ ಸಿಗಬೇಕು. ಇಷ್ಟೇ ಅವರ ಅಳತೆ.

ಕಸರತ್ತಿಗೆ ನಮ್ಮ ತೋಟದ ಏರುದಾರಿಯೇ ಸಾಕಾಯಿತು. ನಾಲ್ಕು ವಾರ ಬರೀ ನಡಿಗೆ, ತೋಟದ ಕೆಲಸದವರ ಲೈನ್ ಮನೆಗಳಿಂದ ಮೇಲಿನ ಕೆರೆ ತನಕ. ಆಮೇಲೆ ಸ್ವಲ್ಪ ಸ್ವಲ್ಪ ದುಡುಕಿ, ಅಂದರೆ ನಡಿಗೆಗಿಂತ ಜೋರಾದ ಮೆಲು ಓಟ. ಏರು ಹತ್ತಿದಾಗ ಹಿಂದಿನ ತೊಡೆ, ಬೆನ್ನು ಗಟ್ಟಿಯಾಗುತ್ತದೆ. ದಿನಾ ವಾಪಸ್ ಬಂದ ಮೇಲೆ ದವಡೆಯ ಕೆಳಗೆ ಬೆರಳಿಟ್ಟು ನಾಡಿ ಎಣಿಸುತ್ತಿದ್ದರು. ಹತ್ತು ನಿಮಿಷದೊಳಗೆ ನಿಮಿಷಕ್ಕೆ 60ಕ್ಕಿಂತ ಕೆಳಗೆ ಇಳಿದರೆ ಮರುದಿನ ಇನ್ನೊಂದು ತಿರುವು ಮೇಲೆ, ಇಳಿಯದಿದ್ದರೆ ಅಷ್ಟಕ್ಕೇ ನಿಲ್ಲಿಸಿದರು. ಜಿಗಣೆ ಕಾಟ ಇದ್ದ ದಿನಗಳಲ್ಲಿ ನಾಲ್ಕೂ ಕಾಲು ಬಗ್ಗಿ ನೋಡದೆ ಒಳಗೆ ಬಿಟ್ಟಿದ್ದೇ ಇಲ್ಲ.

ಇನ್ನು ಮಾಲೀಸು. ದಸರೆಯಲ್ಲಿ ಅಶ್ವದಳದ ಕುದುರೆಗಳ ಮೈ ನೋಡಿ ನಾನು ಎಣ್ಣೆ ಹಚ್ಚಿರುತ್ತಾರೆ ಅಂತ ತಿಳಿದಿದ್ದೆ. ಚಾಚಾ ಹಚ್ಚುವುದು ಏನೂ ಇಲ್ಲ. ರಬ್ಬರ್ ಖರಾರದಲ್ಲಿ (ಕುದುರೆ ಮೈ ಉಜ್ಜುವ ಹಲ್ಲಿನ ಸಾಧನ) ಮೈಯೆಲ್ಲ ಸುತ್ತು ಸುತ್ತಾಗಿ ಉಜ್ಜಿ ಧೂಳು ಎಬ್ಬಿಸುತ್ತಾರೆ. ಆಮೇಲೆ ಮೆತ್ತನೆ ಬ್ರಷ್ ಹಿಡಿದು, ಒಂದು ಕೈ ದೂರ ನಿಂತು, ಮೈಯ ಭಾರವನ್ನೆಲ್ಲ ತೋಳಿಗೆ ಬಿಟ್ಟು ಕೂದಲಿನ ದಿಕ್ಕಿಗೆ ಎಳೆಯುತ್ತಾರೆ. ನಾಲ್ಕು ಸಲ ಎಳೆದು, ಬ್ರಷ್ಷನ್ನು ಎಡಗೈಯ ಕಬ್ಬಿಣದ ಖರಾರಕ್ಕೆ ಉಜ್ಜಿ, ಅದನ್ನು ಸಿಮೆಂಟ್ ನೆಲಕ್ಕೆ ಟಕ್ ಅಂತ ಬಡಿಯುತ್ತಾರೆ. ನೆಲದ ಮೇಲೆ ಬಿಳಿ ಧೂಳಿನ ಗೆರೆಗಳು ಬೀಳುತ್ತವೆ. ಸೆಪ್ಟೆಂಬರ್‌ನಲ್ಲಿ ಒಂದು ಮಗ್ಗುಲಿಗೆ ಹನ್ನೆರಡು ಸಾಲು ಎಣಿಸಿದ್ದೆ. ನವೆಂಬರ್ ಕೊನೆಗೆ ಎರಡು ಸಾಲು ಬಿದ್ದರೆ ಜಾಸ್ತಿ. ಪುತ್ತರಿ ಸುಗ್ಗಿ ಹಬ್ಬದ ಹೊತ್ತಿಗೆ ಅವಳ ತೊಡೆಯ ಮೇಲೆ ಕಿಟಕಿಯ ಬೆಳಕು ಬಿದ್ದರೆ ಕಣ್ಣು ಕೋರೈಸುತ್ತಿತ್ತು, ನಿಜವಾಗಿ ನನಗೆ ಅಳು ಬಂತು.

ಬೇಸರದ ವಿಷಯವೂ ಒಂದಿದೆ. ಶೋ ದಿನ ಬೆಳಿಗ್ಗೆ ಜೂಲಿಗೆ ಜಡೆ ಹಾಕಲು ಚಾಚಾ ತಮ್ಮ ಕೈಕೆಳಗಿನ ಹುಡುಗನನ್ನು ಬಿಟ್ಟು ಜೀನು ನೋಡಲು ಹೋದರು. ಹುಡುಗ ಕಿವಿ ಹತ್ತಿರದ ಎರಡು ಜಡೆಗಳನ್ನು ತೀರಾ ಬಿಗಿಯಾಗಿ ಎಳೆದುಬಿಟ್ಟ. ಚುಕ್ಕಿ ತಲೆ ಕೊಡವಿ ಕೊಡವಿ ನಿಲ್ಲಲೇ ಇಲ್ಲ. ಬಿಚ್ಚಿ ಮತ್ತೆ ಹಾಕುವಷ್ಟರಲ್ಲಿ ಅಭ್ಯಾಸದ ಸಮಯ ಹೋಯಿತು. ಅದೇ ಹುಡುಗ ಮೂತಿಯ ಉದ್ದ ಮೀಸೆ ಕೂದಲು ಬೋಳಿಸಲು ಮೆಷಿನ್ ಕೂಡ ಹಿಡಿದಿದ್ದ, ಅಷ್ಟರಲ್ಲಿ ಚಾಚಾ ಓಡಿ ಬಂದು ತಡೆದರು. ಆ ಕೂದಲಿನಿಂದಲೇ ಕುದುರೆಗೆ ಬಾಯಿ ಹತ್ತಿರ ಏನಿದೆ ಅಂತ ಗೊತ್ತಾಗುವುದು. ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ 2021ರ ಜುಲೈ 1ರಿಂದ ಅದನ್ನು ಬೋಳಿಸಿದ ಕುದುರೆಗೆ ಪ್ರವೇಶವೇ ಇಲ್ಲ. ಇಂಥ ಕೆಲಸವನ್ನು ಕಲಿಯುವ ಹುಡುಗರ ಕೈಗೆ ಶೋ ದಿನವೇ ಕೊಡಬಾರದಿತ್ತು, ಇದನ್ನು ಚಾಚಾ ಹತ್ತಿರವೂ ಹೇಳಿದೆ, ಅವರು ಒಪ್ಪಿಕೊಂಡರು.

ಉಳಿದದ್ದೆಲ್ಲ ಅಚ್ಚುಕಟ್ಟು. ಹಿಂಗಾಲಿನ ಬಿಳಿ ಭಾಗಕ್ಕೆ ತೊಳೆದು ಒಣಗಿದ ಮೇಲೆ ಕಾರ್ನ್ ಫ್ಲೋರ್ ಉಜ್ಜಿ, ಪುಡಿ ಕೊಡವಿದರು. ಗೊರಸಿಗೆ ಎಣ್ಣೆ ರಿಂಗಿಗೆ ಹೋಗುವ ಮುಂಚೆ ಮಾತ್ರ. ಬಾಲಕ್ಕೆ ಒಂದಿಷ್ಟು ಸ್ಪ್ರೇ, ಬೆನ್ನಿಗೆ ಒಂದು ಹನಿಯೂ ಬೇಡ, ಜೀನು ಜಾರುತ್ತದೆ. ಮೂರನೇ ಸ್ಥಾನ ಬಂತು.

ತಿಂಗಳಿಗೆ 16,000 ರೂಪಾಯಿ ಕೊಟ್ಟೆವು, ವಾರಕ್ಕೆ ಐದು ದಿನ, ಬೆಳಿಗ್ಗೆ ಆರಕ್ಕೆ ಬಂದು ಹನ್ನೊಂದರ ತನಕ. ಮೇವು, ಔಷಧಿ, ಲಾಳ ನಮ್ಮದೇ. ಬಿಲ್ ಬರೆದು ಕೊಡುವುದಿಲ್ಲ, ಲೆಕ್ಕ ನೀವೇ ಇಟ್ಟುಕೊಳ್ಳಿ. ಒಂದು ಸಲಕ್ಕೆ ಎರಡು ಕುದುರೆಗಿಂತ ಜಾಸ್ತಿ ಒಪ್ಪುವುದಿಲ್ಲ. ಶೋಗೆ ಹತ್ತು ದಿನ ಇದೆ ಅಂತ ಹೋದರೆ ವಾಪಸ್ ಕಳಿಸುತ್ತಾರೆ, ಕಡಿಮೆ ಅಂದರೂ ಎರಡು ತಿಂಗಳು ಬೇಕು ಅಂತಾರೆ. ಈ ಸಲ ನಾನು ಮಳೆ ಹಿಡಿಯುವ ಮೊದಲೇ, ಮೇ ತಿಂಗಳಿಗೇ ಬರಬೇಕು ಅಂತ ಹೇಳಿಟ್ಟಿದ್ದೇನೆ, ಲಾಯದ ನೆಲ ಎತ್ತರಿಸುವ ಕೆಲಸ ಅವರು ಹೇಳಿದ ಹಾಗೆ ಶುರುವಾಗಿದೆ.