ಕವಳೆ ಸಸಿ ಕೊಳ್ಳುವವರಿಗೆ: ತುಮಕೂರಿನ ಹೊರವಲಯದ ನರ್ಸರಿಯೊಂದರ ವಿಮರ್ಶೆ

ತುಮಕೂರಿನ ಹೊಸ ಬಡಾವಣೆಗಳಲ್ಲಿ ಮನೆ ಕಟ್ಟಿಸಿಕೊಂಡವರು ಕಾಂಪೌಂಡಿನ ಉದ್ದಕ್ಕೂ ಹಸಿರು ಬೇಕೆಂದು ನರ್ಸರಿಗೆ ಹೋದರೆ, ಸಾಮಾನ್ಯವಾಗಿ ಡುರಾಂಟಾವನ್ನೋ ಬೋಗನ್‌ವಿಲ್ಲಾವನ್ನೋ ಹೊತ್ತು ಮನೆಗೆ ಬರುತ್ತಾರೆ. ವರ್ಷವಿಡೀ ಹಸಿರಾಗಿರುವ, ನಮ್ಮ ಬಯಲುಸೀಮೆಯ ಬಿಸಿಲಿಗೆ ಜಗ್ಗದ, ಮೇಲಾಗಿ ಉಪ್ಪಿನಕಾಯಿಗೆ ಕಾಯಿಯನ್ನೂ ತಿನ್ನಲು ಹಣ್ಣನ್ನೂ ಕೊಡುವ ಕವಳೆಯನ್ನು ಕೇಳಿದರೆ, ಅದು ಕಾಡುಗಿಡವೆಂದು ಹೇಳಿ ಕಳಿಸುವವರೇ ಹೆಚ್ಚು. ಹೀಗಿರುವಾಗ, ಶಿರಾ ಕಡೆಗೆ ಹೋಗುವ ಹೆದ್ದಾರಿಯ ಬದಿಯಲ್ಲಿರುವ ಸಣ್ಣ ಖಾಸಗಿ ನರ್ಸರಿಯೊಂದು ಕವಳೆಯನ್ನು ಮುಖ್ಯ ಬೆಳೆಯಂತೆಯೇ ಸಾಕಿ ಮಾರುತ್ತಿದೆ. ಅಲ್ಲಿಂದ ತಂದ ಸಸಿಗಳು ನಮ್ಮ ಹಿತ್ತಲಿನಲ್ಲಿ ಈ ಬೇಸಿಗೆ ಮೊದಲ ಬಾರಿ ಕಾಯಿ ಬಿಟ್ಟಿರುವುದರಿಂದ, ಗಿಡದ ಬಗ್ಗೆಯೂ ನರ್ಸರಿಯ ಬಗ್ಗೆಯೂ ಈಗ ಧೈರ್ಯವಾಗಿ ಬರೆಯಬಹುದು.

ಮೊದಲು ಮೆಚ್ಚಬೇಕಾದದ್ದು, ಅವರು ಕೊಡುವುದು ನಿಜವಾದ ಕವಳೆಯನ್ನೇ ಎಂಬುದು. ಇದು ಸಣ್ಣ ಮಾತಲ್ಲ. ಅಲಂಕಾರಕ್ಕೆ ಬೆಳೆಸುವ, ದಕ್ಷಿಣ ಆಫ್ರಿಕಾ ಮೂಲದ ನೇಟಾಲ್ ಪ್ಲಮ್ ಕೂಡ ಕವಳೆಯಂತೆ ಕ್ಯಾರಿಸ್ಸಾ ಕುಲದ್ದೇ ಆಗಿದ್ದು, ಎಳೆಯ ಸಸಿಯಲ್ಲಿ ಎರಡೂ ಮೇಲ್ನೋಟಕ್ಕೆ ಒಂದೇ ತೆರನಾಗಿ ಕಾಣುತ್ತವೆ. ನೇಟಾಲ್ ಪ್ಲಮ್‌ನ ಎಲೆ ಹೆಚ್ಚು ದಪ್ಪ, ಹೂವು ಬಹಳ ದೊಡ್ಡದು, ಮುಳ್ಳು ಎದ್ದು ಕಾಣುವಂತೆ ಕವಲೊಡೆದಿರುತ್ತದೆ, ಹಣ್ಣು ಕೆಂಪಾಗಿಯೇ ಉಳಿಯುತ್ತದೆ; ನಮ್ಮ ಕವಳೆಯ ಹೂವು ಚಿಕ್ಕದಾಗಿ ಗೊಂಚಲಾಗಿ ಬರುತ್ತದೆ, ಕಾಯಿ ಹಸಿರಿನಿಂದ ನಸುಗೆಂಪಿಗೆ ತಿರುಗಿ ಕೊನೆಗೆ ಕಡುನೇರಳೆ ಬಣ್ಣಕ್ಕೆ ಬರುತ್ತದೆ. ಕವಳೆಯು ವಿಷದ ಕಣಗಿಲೆಯ ಕುಟುಂಬಕ್ಕೇ ಸೇರಿದ್ದು, ಈ ಕುಟುಂಬದ ಹಲವು ಗಿಡಗಳಲ್ಲಿ ಬಿಳಿ ಸೊನೆ ಇರುವುದರಿಂದ, ತಿನ್ನಲು ಬೆಳೆಸುವ ಗಿಡವನ್ನು ಗುರುತು ಬಲ್ಲವರಿಂದಲೇ ಕೊಳ್ಳಬೇಕು. ಈ ನರ್ಸರಿಯಲ್ಲಿ ಕಾಯಿ ಬಿಟ್ಟ ತಾಯಿಗಿಡಗಳನ್ನು ಬೇಲಿಯಂಚಿನಲ್ಲೇ ಇಟ್ಟುಕೊಂಡಿದ್ದಾರೆ. ಕೇಳಿದವರಿಗೆ ಕರೆದೊಯ್ದು ತೋರಿಸುತ್ತಾರೆ.

"ಬೇಲಿಗಾ ಸಾರ್, ಹಣ್ಣಿಗಾ?" ಎಂಬುದು ಅವರು ಕೇಳುವ ಮೊದಲ ಪ್ರಶ್ನೆ. ನನ್ನ ಮಟ್ಟಿಗೆ ಈ ನರ್ಸರಿಯ ದೊಡ್ಡ ಗುಣ ಇದೇ. ಕವಳೆ ಹೂ ಬಿಡುವುದು ರೆಂಬೆಗಳ ತುದಿಯಲ್ಲಿ. ಬೇಲಿಯನ್ನು ಕತ್ತರಿಯಿಂದ ಪದೇಪದೇ ಮಟ್ಟಸವಾಗಿ ಸವರುತ್ತಿದ್ದರೆ ಹೂ ಬರುವ ತುದಿಗಳೇ ಹೋಗುತ್ತವೆ, ಮುಳ್ಳು ಮಾತ್ರ ಉಳಿಯುತ್ತದೆ. ಹಣ್ಣು ಬೇಕೆಂದವರಿಗೆ ಗಿಡದಿಂದ ಗಿಡಕ್ಕೆ ಆರರಿಂದ ಎಂಟು ಅಡಿ ಬಿಟ್ಟು, ಕೊಯ್ಲು ಮುಗಿದ ಮೇಲೆ ಮಾತ್ರ ಒಣಗಿದ ಮತ್ತು ಒಳಗೆ ಹೆಣೆದುಕೊಂಡ ಕೊಂಬೆಗಳನ್ನು ತೆಗೆಯಲು ಹೇಳುತ್ತಾರೆ. ಬೇಲಿಗೆಂದವರಿಗೆ ಮೂರು ಅಡಿ ಅಂತರ ಸಾಕೆನ್ನುತ್ತಾರೆ. ಎರಡೂ ಬೇಕೆಂದು ನಾವು ಪಟ್ಟು ಹಿಡಿದಾಗ, ರಸ್ತೆಯ ಕಡೆಯ ಮುಖವನ್ನಷ್ಟೇ ಸವರಿ ಮನೆಯ ಕಡೆಯದನ್ನು ಬೆಳೆಯಲು ಬಿಡಿ ಎಂದರು. ಅದರಂತೆ ಮಾಡಿದ ಸಾಲಿನಲ್ಲಿ ಮನೆಯ ಕಡೆಗೇ ಕಾಯಿ ತುಂಬಿಕೊಂಡಿದೆ.

ಸಸಿಗಳ ವಿಷಯಕ್ಕೆ ಬಂದರೆ, ಬೀಜದ ಸಸಿ 60 ರೂಪಾಯಿಗೂ ಗೂಟಿ ಕಟ್ಟಿ, ಅಂದರೆ ತಾಯಿಗಿಡದ ಕೊಂಬೆಯಲ್ಲೇ ಬೇರು ಬರಿಸಿ ತೆಗೆದ ಸಸಿ 150 ರೂಪಾಯಿಗೂ ಸಿಕ್ಕಿತು. ಕವಳೆಯ ಬೀಜ ಬೇಗ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ. ಆದ್ದರಿಂದ ಹಣ್ಣಿನಿಂದ ತೆಗೆದ ಕೂಡಲೇ ಬಿತ್ತುತ್ತಾರಂತೆ. ಬೀಜದ ಗಿಡ ತಾಯಿಗಿಡದಂತೆಯೇ ಕಾಯಿ ಕೊಡುತ್ತದೆಂಬ ಖಾತರಿಯಿಲ್ಲ, ಗೂಟಿಯದು ಕೊಡುತ್ತದೆ, ಬೇಗ ಫಲಕ್ಕೂ ಬರುತ್ತದೆ. ನಮ್ಮಲ್ಲಿ ಈಗ ಕಾಯಿ ಬಿಟ್ಟವೂ ಗೂಟಿಯ ಗಿಡಗಳೇ. ನೆರಳುಬಲೆಯ ಕೆಳಗಿನಿಂದಲೇ ಗಾಡಿಗೆ ಏರಿಸದೆ, ಮಾರುವ ಮುಂಚೆ ಸಸಿಗಳನ್ನು ಬಿಸಿಲಿನಲ್ಲಿಟ್ಟು ಗಟ್ಟಿಮಾಡುವುದರಿಂದ, ನೆಟ್ಟ ಮೇಲೆ ಒಂದೂ ಬಾಡಲಿಲ್ಲ.

ಆದರೆ ಎರಡು ದೂರುಗಳಿವೆ. ಚೀಲಗಳ ಮೇಲೆ ಬೀಜದ್ದೋ ಗೂಟಿಯದೋ ಎಂದು ಬರೆದಿರುವುದಿಲ್ಲ. ಕೆಲಸದವರು ತಂದುಕೊಟ್ಟ ಗೂಟಿ ಸಸಿಗಳ ನಡುವೆ ಬೀಜದ್ದೊಂದು ಸೇರಿಕೊಂಡಿತ್ತು. ಬದಲಾಯಿಸಿಕೊಟ್ಟರಾದರೂ, ದುಪ್ಪಟ್ಟಿಗಿಂತ ಹೆಚ್ಚು ಬೆಲೆಯ ವ್ಯತ್ಯಾಸವಿರುವಾಗ ಇಷ್ಟು ಸಡಿಲವಾಗಿರುವುದು ಸರಿಯಲ್ಲ. ಇನ್ನೊಂದು, ಎತ್ತರದ ಸಸಿಗೆ ಆಸೆಪಡುವ ಗಿರಾಕಿಗಳಿಗಾಗಿ ಹಳೆಯ ಸಸಿಗಳನ್ನು ಅದೇ ಸಣ್ಣ ಚೀಲದಲ್ಲಿ ಉಳಿಸಿಕೊಳ್ಳುತ್ತಾರೆ. ಅಂಥದ್ದೊಂದರ ಚೀಲ ಹರಿದು ನೋಡಿದಾಗ, ತಾಯಿಬೇರು ತಳದಲ್ಲಿ ಸುತ್ತಿ ಸುತ್ತಿ ಸಿಂಬಿಯಂತಾಗಿತ್ತು. ಅದರ ಪಕ್ಕದಲ್ಲಿ ನೆಟ್ಟ ಮೊಣಕಾಲೆತ್ತರದ ಸಸಿ ಅದನ್ನು ಆಗಲೇ ಮೀರಿ ಬೆಳೆದಿದೆ. ಎತ್ತರ ನೋಡಿ ಕೊಳ್ಳಬೇಡಿ. ಚೀಲದ ತಳ ಒತ್ತಿ ನೋಡಿ, ಗಟ್ಟಿ ಉಂಡೆಯಂತಿದ್ದರೆ ಬಿಟ್ಟುಬಿಡಿ.

ನಮ್ಮ ಕೆಂಪು ಜಲ್ಲಿಮಣ್ಣಿಗೆ ಈ ಗಿಡ ಚೆನ್ನಾಗಿ ಹೊಂದುತ್ತದೆ. ಒಂದೂವರೆ ಅಡಿಯ ಗುಂಡಿಗೆ ಮೇಲ್ಮಣ್ಣು ಮತ್ತು ಕಳಿತ ಕೊಟ್ಟಿಗೆ ಗೊಬ್ಬರ ತುಂಬಿ ನೆಟ್ಟು, ಮೊದಲ ಬೇಸಿಗೆ ಮಾತ್ರ ಪಾತಿಗೆ ಒಣಹುಲ್ಲಿನ ಹೊದಿಕೆ ಹಾಕಿ ನೀರು ಕೊಟ್ಟರೆ ಸಾಕು. ಕೊಳವೆಬಾವಿಯ ಗಡಸು ನೀರಿಗೂ ಅದು ತಕರಾರು ಮಾಡಿಲ್ಲ. ನಿಂತ ನೀರನ್ನು ಮಾತ್ರ ಸಹಿಸುವುದಿಲ್ಲ, ಹಾಗಾಗಿ ಮನೆಯ ತಾರಸಿ ನೀರು ಬೀಳುವ ಮೂಲೆ ಬೇಡ. ಮುಳ್ಳು ನಿಜಕ್ಕೂ ಚೂಪಾಗಿರುವುದರಿಂದ ಮಕ್ಕಳು ಆಡುವ ಜಾಗದಲ್ಲೂ ಗೇಟಿನ ಪಕ್ಕದಲ್ಲೂ ನೆಡಬಾರದು.

ಎಳೆಗಾಯಿ ಬಂದದ್ದು ಮಾವಿನಕಾಯಿಯ ಕಾಲದಲ್ಲೇ. ಕೊಯ್ಯುವಾಗ ತೊಟ್ಟಿನಿಂದ ಒಸರುವ ಬಿಳಿ ಸೊನೆ ಬೆರಳಿಗೆ ಅಂಟಿ ಕಪ್ಪಾಗುತ್ತದೆ. ಕೈಗೆ ಎಣ್ಣೆ ಸವರಿಕೊಂಡು, ಕಾಯಿಗಳನ್ನು ಉಪ್ಪುನೀರಿನಲ್ಲಿ ನೆನೆಸಿ, ಸೀಳಿ ಬೀಜ ತೆಗೆದು ಉಪ್ಪಿನಕಾಯಿ ಹಾಕಿದೆವು. ಹಣ್ಣಾದವುಗಳಲ್ಲಿ ಹುಳಿ ಇಳಿದು, ಒಗರಿನ ಜೊತೆಗೆ ಸಿಹಿ ಬಂದಿತ್ತು. ಜೆಲ್ಲಿಯನ್ನು ಗಟ್ಟಿಗೊಳಿಸುವ ಪೆಕ್ಟಿನ್ ಎಂಬ ಅಂಶ ಹೇರಳವಾಗಿರುವುದರಿಂದ ಪೂರ್ತಿ ಮಾಗದ ಹಣ್ಣಿನ ಜೆಲ್ಲಿ ಹೊರಗಿನಿಂದ ಅದನ್ನು ಸೇರಿಸದೆಯೇ ಗಟ್ಟಿಯಾಯಿತು.

ಉತ್ತರಾಖಂಡದ ಪಂತನಗರದ ಕೃಷಿ ವಿಶ್ವವಿದ್ಯಾಲಯದ ಪಂತ್ ಮನೋಹರ್, ಪಂತ್ ಸುದರ್ಶನ್ ಮೊದಲಾದ ಹೆಸರುಳ್ಳ ತಳಿಗಳು ಇಲ್ಲಿ ಸಿಗುವುದಿಲ್ಲ. ಇರುವುದು ಸ್ಥಳೀಯ ಗಿಡಗಳಿಂದ ಪಡೆದವು, ಹಾಗೆಂದೇ ಹೇಳಿ ಮಾರುತ್ತಾರೆ. ಗೂಟಿಯ ಸಸಿಗಳು ಮುಂಗಾರು ಶುರುವಾಗುತ್ತಿದ್ದಂತೆ ಖಾಲಿಯಾಗುವುದರಿಂದ, ಮೇ ತಿಂಗಳಲ್ಲೇ ಹೇಳಿಟ್ಟು, ತೆಗೆದುಕೊಳ್ಳುವಾಗ ಗೂಟಿಯದೇ ಎಂದು ಬಿಲ್ಲಿನಲ್ಲಿ ಬರೆಸಿಕೊಳ್ಳುವುದು ಒಳ್ಳೆಯದು.